ನಾಲ್ಕು ಸೊಸೆಯರು, ಒಂದು ಉಸ್ಸ್

ಫೆಬ್ರವರಿ 3, ಸೋಮವಾರ. ಸಂಜೆ

ಇವತ್ತು ಲಾಂಡ್ರಿಯಲ್ಲಿ ಪೂರ್ತಿ ಆಸ್ಪತ್ರೆಯ ಬೆಡ್‌ಶೀಟು. ಹೋಟೆಲಿನದು ನಾಳೆ. ಆಸ್ಪತ್ರೆಯದೇ ವಾಸಿ. ರಕ್ತ, ಔಷಧಿ, ಅಷ್ಟೇ. ಕಾರಣ ಇರುವ ಕಲೆಗಳು. ಹೋಟೆಲಿನವರು ಬಿಳಿ ದಿಂಬಿನ ಕವರಿನಲ್ಲಿ ಬೂಟು ಒರೆಸುತ್ತಾರೆ. ಓದಿದವರಂತೆ!

ಅತ್ತೆಗೆ ಬೆಳಿಗ್ಗೆಯಿಂದ ಕೋಪ. ಅತ್ತೆ ಎಂದರೆ ನಮ್ಮ ದೊಡ್ಡ ಇಸ್ತ್ರಿ ಪ್ರೆಸ್ಸು. ಪೆಡಲ್ ತುಳಿದರೆ ಮೇಲಿನ ಹಲಗೆ ದಬ್ಬೆಂದು ಬಟ್ಟೆಯ ಮೇಲೆ ಕೂರುತ್ತದೆ. ಕಾಲು ಎತ್ತಿದರೆ ಉಸ್ಸ್ ಎಂದು ಹಬೆ ಉಗುಳಿ ಎದ್ದು ನಿಲ್ಲುತ್ತದೆ. ಆ ಹೊತ್ತಿಗೆ ಬಾಯಿ ತೆರೆದವಳ ಗಂಟಲು ಬೆಂದಿತೆಂದೇ ಲೆಕ್ಕ. ಹಾಗಾಗಿ ಅತ್ತೆ ಉಸ್ಸೆಂದರೆ ನಾವು ನಾಲ್ವರೂ ಬಾಯಿ ಮುಚ್ಚಿ ಮುಖ ಎಡಕ್ಕೆ ತಿರುಗಿಸುತ್ತೇವೆ. ಇಷ್ಟು ವಿಧೇಯ ಸೊಸೆಯರು ಯಾವ ಮನೆಯಲ್ಲೂ ಸಿಗಲಿಕ್ಕಿಲ್ಲ.

ಎಡತುದಿಯಲ್ಲಿ ಪೆಡಲಿನ ಹತ್ತಿರ ಚಿಕ್ಕಮ್ಮ. ಅಮ್ಮನ ತಂಗಿ. ತುಟಿಗೆ ಕೆಂಪು ಬಣ್ಣವಿಲ್ಲದೆ ಹಬೆಯ ಮುಂದೂ ನಿಲ್ಲುವವಳಲ್ಲ. ಅವಳ ಪಕ್ಕ ಏಣಿ, ಅವಳ ಪಕ್ಕ ಬುಗುರಿ. ಹೆಸರಿಗೆ ತಕ್ಕ ಹಾಗೆ ಒಬ್ಬಳು ಉದ್ದ, ಇನ್ನೊಬ್ಬಳು ನಿಂತಲ್ಲಿ ನಿಲ್ಲುವುದಿಲ್ಲ. ಬಲತುದಿಯಲ್ಲಿ ನಾನು. ಚಿಕ್ಕಮ್ಮನದು ಬಾವಿಯೊಳಗಿಂದ ಬಂದಂಥ ಕೆಳದನಿ. ನಡುವೆ ಇವರಿಬ್ಬರು. ಮೇಲೆ ನಾನು. ಮಿಷನ್ನಿನ ಗದ್ದಲದ ಮೇಲೆ ಹತ್ತಿ ಕುಳಿತು ಹಾಡುತ್ತೇವೆ. ಪದ ಚಿಕ್ಕಮ್ಮನದೇ—

ಮಲಗೋರು ನೀವು, ಮಡಿಚೋರು ನಾವು
ಕನಸು ನಿಮ್ಮದು, ಕಲೆ ನಮ್ಮದು…

ಸೂಪರ್‌ವೈಸರ್ ಬಂದ. "ಇದೇನು ಲಾಂಡ್ರಿನೋ ನಾಟಕ ಕಂಪನಿನೋ?"

ಚಿಕ್ಕಮ್ಮ ತಿರುಗಿಯೂ ನೋಡಲಿಲ್ಲ. "ನೀವು ದಿನಾ ಮಾಡೋ ಪಾರ್ಟು ನೋಡಿದ್ರೆ ನಾಟಕ ಕಂಪನಿನೇ ಸಾರ್."

ಏಣಿಯ ಮಣಿಕಟ್ಟಿಗೆ ಮತ್ತೆ ಸುಟ್ಟಿದೆ. ಅತ್ತೆಯ ಹಿಂದಿನ ಪೈಪು ಸೋರುತ್ತಿದೆ ಎಂದು ಎಷ್ಟು ಸಲ ಹೇಳುವುದು. ಯಜಮಾನನ ಉತ್ತರ: "ಲಾಂಡ್ರಿ ಅಂದ್ಮೇಲೆ ಬಿಸಿ ಇರಲ್ವಾ?" ಅವನ ಕೋಣೆಯಲ್ಲಿ ಮಾತ್ರ ಏಸಿ. ಅವನಿಗೆ ಲಾಂಡ್ರಿ ಅಲ್ಲವೇನೋ ಅದು.

ಫೆಬ್ರವರಿ 9, ಭಾನುವಾರ

ರಜೆ. ಅಮ್ಮ ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಡುತ್ತ ನನ್ನ ಹಳೆಯ ಕಥೆ ತೆಗೆದಳು. ಕೇಳಿ ಕೇಳಿ ಬಾಯಿಪಾಠ. ಆದರೂ ಬರೆದಿಡುತ್ತೇನೆ.

ನಾನು ಕೂಸು. ಅಮ್ಮ ಆಗ ಇದೇ ಲಾಂಡ್ರಿಯಲ್ಲಿ. ಕೂಸನ್ನು ಬಿಡುವುದೆಲ್ಲಿ? ದಿಂಬಿನ ಕವರು ತುಂಬುವ ಕಬ್ಬಿಣದ ಟ್ರಾಲಿಯಲ್ಲಿ ಮಲಗಿಸುತ್ತಿದ್ದಳು. ಮಿಷನ್ನಿನ ಸದ್ದಿನಲ್ಲಿ ನನ್ನ ಅಳು ಯಾರಿಗೂ ಕೇಳುತ್ತಿರಲಿಲ್ಲ. ಬಿಟ್ಟೆನಾ? ದಿನದಿನಕ್ಕೂ ಸ್ವರ ಏರಿಸುತ್ತ ಹೋದೆ. ಒಂದು ದಿನ ಇಡೀ ಶೆಡ್ಡು ತಿರುಗಿ ನೋಡಿತಂತೆ.

"ಮಿಷನ್ನೇ ಕೆಟ್ಟೋಯ್ತು ಅಂತ ಮೆಕ್ಯಾನಿಕ್ಕು ಓಡಿ ಬಂದಿದ್ದ ಕಣೇ," ಎಂದಳು ಅಮ್ಮ. ಅವತ್ತಿನಿಂದ ನನ್ನ ಹೆಸರು ಸೀಟಿ.

ಆಗಷ್ಟೇ ಕೆಲಸಕ್ಕೆ ಸೇರಿದ್ದ ಚಿಕ್ಕಮ್ಮ ಟ್ರಾಲಿಗೆ ಗಲ್ಲ ಆನಿಸಿ ಕೆಳದನಿಯಲ್ಲಿ ಗುನುಗುತ್ತಿದ್ದಳಂತೆ. ಗದ್ದಲದಲ್ಲಿ ಅದು ಗಾಳಿಯಲ್ಲಿ ಬರುತ್ತಿರಲಿಲ್ಲ, ಕಬ್ಬಿಣದಲ್ಲಿ ಬರುತ್ತಿತ್ತು. ನಾನು ಕಬ್ಬಿಣಕ್ಕೆ ಕಿವಿ ಹಚ್ಚಿ ನಿದ್ದೆ. ನನ್ನ ಮೊದಲ ಸ್ಪೀಕರು ಆ ಟ್ರಾಲಿ.

ಶಾಲೆಯಲ್ಲಿ ಹಾಡಿನ ಟೀಚರು ಗುಂಪಿನಿಂದ ಹೊರಗೆ ಕಳಿಸಿದ್ದರು. "ಇದು ಪ್ರಾರ್ಥನೆ ಮಾ, ಹರಾಜಲ್ಲ." ಮೆಲ್ಲಗೆ ಹಾಡುವುದಕ್ಕೆ ನಮ್ಮ ಮನೆಯಲ್ಲಿ ಯಾರಿಗೆ ಪುರುಸೊತ್ತಿತ್ತು? ಮೆಲ್ಲಗೆ ಅತ್ತಿದ್ದರೆ ನಾನು ಹಸಿದೇ ಇರುತ್ತಿದ್ದೆ.

ಒಂದು ಮಾತು, ಇಲ್ಲಿ ಮಾತ್ರ. ನನಗೆ ಹಾಡಬೇಕು. ಬೆಡ್‌ಶೀಟಿಗಲ್ಲ. ಮೈಕಿನ ಮುಂದೆ, ಜನರ ಮುಂದೆ, ಗುಂಪಿನ ಹೆಸರು ಹಾಕಿಸಿಕೊಂಡು. ಯಾರಿಗೂ ಹೇಳಿಲ್ಲ. ಹೇಳಿದರೆ ಬುಗುರಿ ಬಿದ್ದು ಬಿದ್ದು ನಗುತ್ತಾಳೆ.

ಫೆಬ್ರವರಿ 18, ಮಂಗಳವಾರ

ಕೆಲಸ ನಿಲ್ಲಿಸಿದೆವು! ಏಣಿಯ ಇನ್ನೊಂದು ಕೈಯೂ ಸುಟ್ಟಿತು ನಿನ್ನೆ. ಸಾಕು. ಬೆಳಿಗ್ಗೆ ಎಲ್ಲರೂ ಗೇಟಿನ ಹೊರಗೆ. ಎರಡೇ ಬೇಡಿಕೆ— ಪೈಪು ರಿಪೇರಿ, ಶೆಡ್ಡಿಗೆ ದೊಡ್ಡ ಫ್ಯಾನು. ಭಿಕ್ಷೆಯಲ್ಲ. ಗಾಳಿ. ಗಾಳಿಗೂ ಮುಷ್ಕರ ಮಾಡಬೇಕಾದ ಕಾಲ.

ಘೋಷಣೆ ಕೂಗಿ ಕೂಗಿ ಬೇಜಾರಾಯಿತು. ಯಾರೋ ಅಂದರು, "ಸೊಸೆಯರು ಹಾಡ್ಲಿ!" ನಾಲ್ವರೂ ಸಾಲಾಗಿ ನಿಂತೆವು. ಅಭ್ಯಾಸದ ಸಾಲು— ಎಡತುದಿಯಲ್ಲಿ ಚಿಕ್ಕಮ್ಮ, ಬಲತುದಿಯಲ್ಲಿ ನಾನು. ಮಿಷನ್ನುಗಳೆಲ್ಲ ಸತ್ತಂತೆ ಮಲಗಿವೆ. ಮೊದಲ ಸಲ ನಮ್ಮ ದನಿ ನಮಗೇ ಕೇಳಿತು. ಪರವಾಗಿಲ್ಲ… ಚೆನ್ನಾಗಿಯೇ ಇದೆ!

"ಕನಸು ನಿಮ್ಮದು, ಕಲೆ ನಮ್ಮದು"— ಅಷ್ಟಕ್ಕೆ ನಿಂತೆವು. ನಾಲ್ವರೂ ಬಾಯಿ ಮುಚ್ಚಿ ಮುಖ ಎಡಕ್ಕೆ. ರಸ್ತೆಯೆಲ್ಲ ಮೌನ. ಯಾಕೆ ನಿಂತೆವು? ಅತ್ತೆ ಒಳಗಿದ್ದಾಳೆ, ತಣ್ಣಗೆ. ಹಬೆಯಿಲ್ಲ, ಏನಿಲ್ಲ. ಆದರೂ ಸೊಸೆಯರು ಹೆದರಿ ನಿಂತಿದ್ದಾರೆ!

ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ಆಮೇಲೆ ಗೇಟಿನ ಮುಂದಿದ್ದ ಹೆಂಗಸರೆಲ್ಲ ಒಟ್ಟಿಗೆ "ಉಸ್ಸ್…!" ಎಂದರು. ನಗು ನೋಡಬೇಕಿತ್ತು. ಕಾವಲಿಗೆ ಬಂದ ಪೊಲೀಸಿನವಳೂ ಟೋಪಿಯೊಳಗೆ ಮುಖ ಮುಚ್ಚಿಕೊಂಡಳು. ಪ್ರತಿ ಸಾಲಿಗೂ ಅದೇ. ನಾವು ನಿಲ್ಲುವುದು, ಅವರು ಉಸ್ಸೆನ್ನುವುದು.

ಯಾರೋ ಫೋನಿನಲ್ಲಿ ತೆಗೆದರು.

ಫೆಬ್ರವರಿ 21, ಶುಕ್ರವಾರ

ಗೆದ್ದೆವು. ಪೈಪಿಗೆ ಹೊಸ ಜಾಯಿಂಟು. ಫ್ಯಾನು ಎಷ್ಟು ದೊಡ್ಡದೆಂದರೆ ಬುಗುರಿ ಅದರ ಮುಂದೆ ನಿಂತು ಮದುವೆಗೆ ಮೊದಲೇ ಹನಿಮೂನಿಗೆ ಬಂದಿದ್ದೇನೆ ಎಂದಳು. ಯಜಮಾನ ಮುಖ ಗಂಟು ಹಾಕಿಕೊಂಡಿದ್ದಾನೆ. ಹಾಕಿಕೊಳ್ಳಲಿ. ಇಸ್ತ್ರಿ ಮಾಡಿಕೊಡೋಣ.

ಫೆಬ್ರವರಿ 26, ಬುಧವಾರ

ಆ ವಿಡಿಯೊ ಎಲ್ಲೆಲ್ಲೋ ಹೋಗಿದೆ. ಬಸ್ಸಿನಲ್ಲಿ ಪಕ್ಕದವಳು ನೋಡುತ್ತಿದ್ದಳು— ನನ್ನನ್ನೇ! ನಾನೆಂದು ಗೊತ್ತಾಗಲಿಲ್ಲ ಅವಳಿಗೆ. "ಸ್ವಲ್ಪ ಜರುಗ್ರೀ" ಎಂದಳು. ಜರುಗಿದೆ.

ಮಧ್ಯಾಹ್ನ ಫೋನು. ಮ್ಯೂಸಿಕ್ ಕಂಪನಿಯವರಂತೆ. ಬನ್ನಿ, ಒಂದು ಹಾಡು ರೆಕಾರ್ಡು ಮಾಡಿ ನೋಡೋಣ ಎಂದರು. ಕೈ ಜಾರಿ ಫೋನು ಸೋಪಿನ ನೀರಿಗೆ. ಚಿಕ್ಕಮ್ಮ ಎತ್ತಿ, ಒರೆಸಿ, ಕಿವಿಗಿಟ್ಟು, "ಹಲೋ, ಎಲ್ಲೂ ಹೋಗ್ಬೇಡಿ, ಒಣಗಿಸಿ ಮಾಡ್ತೀವಿ" ಎಂದಳು.

ಮಾರ್ಚ್ 8, ಶನಿವಾರ. ಸಂಜೆ

ಸ್ಟುಡಿಯೊ. ಗೋಡೆಗೆಲ್ಲ ಮೆತ್ತೆ. ಒಳಗೆ ಹೋಗಿ ಬಾಗಿಲು ಹಾಕಿದರೆ ನಮ್ಮ ಹೊಟ್ಟೆಯ ಗುಡುಗುಡು ನಮಗೇ ಕೇಳಿಸುತ್ತದೆ. ಇಷ್ಟು ನಿಶ್ಶಬ್ದದಲ್ಲಿ ಮನುಷ್ಯರು ಹೇಗೆ ಹಾಡುತ್ತಾರೆ?

ಗಾಜಿನ ಆಚೆ ಇಬ್ಬರು. ಒಬ್ಬ ರೆಕಾರ್ಡಿಂಗ್ ಮಾಡುವವನು, ಕಿವಿಯ ಮೇಲಿನ ಹೆಡ್‌ಫೋನು ಇಳಿಸುವುದೇ ಇಲ್ಲ. ಕಿವಿಯಣ್ಣ ಎಂದು ಹೆಸರಿಟ್ಟೆವು. ಇನ್ನೊಬ್ಬ ಕಂಪನಿಯ ಮ್ಯಾನೇಜರು. ಅವನಿಗಿಂತ ಮೊದಲು ಅವನ ವಾಸನೆ ಬರುತ್ತದೆ. ಅವನು ಸೆಂಟು.

ಮೊದಲ ಸಲ ಹಾಡಿದಾಗ ಕಿವಿಯಣ್ಣ ಕುರ್ಚಿಯಿಂದ ಹಾರಿದ. "ಅಮ್ಮಾ ತಾಯಂದಿರಾ, ಮೈಕು ಇಲ್ಲೇ ಇದೆ. ಪಕ್ಕದೂರಲ್ಲಿಲ್ಲ!"

ಇಳಿಸಿದೆವು. ಎರಡನೆಯ ಸಲ ಸಾಲು ಮುಗಿಯಿತು, ನಾಲ್ವರೂ ಮೈಕಿಗೆ ಬೆನ್ನು ಕೊಟ್ಟಂತೆ ಎಡಕ್ಕೆ ತಿರುಗಿದೆವು. ಮತ್ತೆ ಅದೇ!

"ಅಲ್ಲಿ ಯಾಕೆ ನಿಲ್ತೀರಿ?"

"ಅತ್ತೆಗೆ," ಎಂದಳು ಬುಗುರಿ.

"ಯಾರ ಅತ್ತೆ?"

ಹೇಳಿದೆವು. ಕಿವಿಯಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಬಿಡ್ಬೇಡಿ ಅದನ್ನ. ಆ ಜಾಗದಲ್ಲೇ ಜೀವ ಇದೆ" ಎಂದ. ಸೆಂಟು ನಗಲಿಲ್ಲ. ಆ ತೂತಿಗೆ ಡ್ರಮ್ ತುಂಬಿದರಾಯಿತು ಎಂದ. ಹೆಸರೂ ಅವನೇ ತಂದಿದ್ದಾನೆ— ವೆಲ್ವೆಟ್ ಗರ್ಲ್ಸ್. ನಾವು ಒಗೆಯುವುದು ಹತ್ತಿ ಬಟ್ಟೆ. ನಮ್ಮ ಹೆಸರು ವೆಲ್ವೆಟ್!

ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದ. "ಮೂರು ಜನ ಸಾಕು. ಆ ಆಂಟಿ ಫ್ರೇಮಿಗೆ ಹೊಂದಲ್ಲ. ಪೋಸ್ಟರ್ ಹೇಗೆ ಮಾಡ್ಲಿ ನಾನು? ಯೋಚನೆ ಮಾಡಿ. ಮೇ ತಿಂಗಳಲ್ಲಿ ಹಾಡು ಬಿಡ್ತೀನಿ, ಟೀವಿಗೂ ಕರೆಸ್ತೀನಿ."

ಯೋಚನೆ ಮಾಡಿ ಎಂದು ಎಷ್ಟು ಮೆತ್ತಗೆ ಹೇಳಿದ. ಗೋಡೆಯ ಮೆತ್ತೆಗಿಂತ ಮೆತ್ತಗೆ.

ಚಿಕ್ಕಮ್ಮ ಬಾಗಿಲಲ್ಲೇ ಇದ್ದಳು. ಕೇಳಿಸಿತೋ ಏನೋ. ಕನ್ನಡಿಯಲ್ಲಿ ತುಟಿ ಸರಿಮಾಡಿಕೊಳ್ಳುತ್ತಿದ್ದಳು.

ಮಾರ್ಚ್ 9, ಭಾನುವಾರ

ಕೇಳಿಸಿತ್ತು.

"ಗಂಟಲು ಸರಿಯಿಲ್ಲ ಕಣೇ ಸೀಟಿ," ಎಂದಳು ಬೆಳಿಗ್ಗೆ ಬಂದವಳೇ. "ಡಾಕ್ಟ್ರು ಹಾಡ್ಬೇಡ ಅಂದಿದಾರೆ. ನೀವು ಮೂರು ಜನ ಹೋಗಿ."

"ಯಾವ ಡಾಕ್ಟ್ರು?"

"ಇದಾರೆ ಒಬ್ರು."

ಸುಳ್ಳು ಹೇಳುವಾಗ ಅವಳ ದನಿ ಇನ್ನೂ ಚೆನ್ನಾಗಿ ಬರುತ್ತದೆ.

ಅಮ್ಮ ಮಿಷನ್ ನಿಲ್ಲಿಸಿದಳು. "ನಲವತ್ತಾರಕ್ಕೆ ಗಂಟಲು ಹೋಯ್ತಾ ನಿಂದು?"

"ಮೂವತ್ತೊಂಬತ್ತು!" ಎಂದು ಅರಚಿದಳು ಚಿಕ್ಕಮ್ಮ. ಗಂಟಲಿಗೆ ಏನೂ ಆಗಿಲ್ಲ ಎಂದು ಬೀದಿಗೆಲ್ಲ ಗೊತ್ತಾಯಿತು.

ನಗಬೇಕಿತ್ತು. ಆಗಲಿಲ್ಲ. ಅಮ್ಮ ನನ್ನನ್ನೊಮ್ಮೆ ನೋಡಿದಳು. ಲಾಂಡ್ರಿಯವರು ಹರಿದಿದೆಯೆಂದು ಬಿಸಾಡಿದ ಬೆಡ್‌ಶೀಟುಗಳನ್ನು ಚಾಪೆಯ ಮೇಲೆ ಹರಡಿದಳು. ಸ್ಟೇಜಿಗೆ ಗೌನು ಹೊಲಿಯುತ್ತಾಳಂತೆ. ಕತ್ತರಿ ಹಿಡಿದು ನಾಲ್ಕು ಕತ್ತರಿಸಿದಳು. ಮೂರಲ್ಲ.

ಮಾರ್ಚ್ 11, ಮಂಗಳವಾರ

ಸೆಂಟಿಗೆ ಹೂಂ ಎಂದೆ.

ಮಾರ್ಚ್ 27, ಗುರುವಾರ

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದೇನಿತ್ತು? ಬೆಳಿಗ್ಗೆ ಬೆಡ್‌ಶೀಟು. ಸಂಜೆ ಅತ್ತೆಯ ಮುಂದೆಯೇ ಮೂವರ ಅಭ್ಯಾಸ. ಚಿಕ್ಕಮ್ಮ ಪಕ್ಕದಲ್ಲೇ ನಿಂತು ಪೆಡಲ್ ತುಳಿಯುತ್ತಾಳೆ, ನಗಿಸುತ್ತಾಳೆ, ಹಾಡುವುದಿಲ್ಲ. ಗಂಟಲಿಗೆ ಬಟ್ಟೆ ಬೇರೆ ಸುತ್ತಿಕೊಂಡಿದ್ದಾಳೆ. ಆ ಬಿಸಿಯಲ್ಲಿ! ಹಠಕ್ಕೂ ಒಂದು ಮಿತಿ ಬೇಡವಾ?

ಗೌನುಗಳು ಸಿದ್ಧ. ಮೂರನ್ನು ಮಡಿಚಿಟ್ಟಿದ್ದೇವೆ. ನಾಲ್ಕನೆಯದನ್ನು ಅಮ್ಮ ಬಾಗಿಲ ಮೊಳೆಗೆ ನೇತುಹಾಕಿದ್ದಾಳೆ. ಹೋಗುವಾಗ ಬರುವಾಗ ಮುಖಕ್ಕೆ ತಾಗುತ್ತದೆ. ತೆಗಿ ಅಮ್ಮ ಎಂದರೆ, "ಜಾಗ ಇಲ್ಲ" ಎನ್ನುತ್ತಾಳೆ. ಕಪಾಟು ಖಾಲಿ ಇದೆ.

ಇವತ್ತು ರೆಕಾರ್ಡಿಂಗ್. ಹಾಳಾಗಿ ಹೋಯಿತು.

ಮೊದಲ ಸಾಲು ಚೆನ್ನಾಗಿಯೇ ಬಂತು. ನಿಂತೆವು. ಎಡಕ್ಕೆ ತಿರುಗಿದೆವು. ಅಷ್ಟೇ. ಮುಂದಿನ ಸಾಲಿಗೆ ಏಣಿ ಬೇಗ ಬಂದಳು, ನಾನು ತಡವಾಗಿ, ಬುಗುರಿ ಬರಲೇ ಇಲ್ಲ. ಇನ್ನೊಂದು ಸಲ. ಈ ಸಲ ಬುಗುರಿ ಮೊದಲು. ಮತ್ತೆ. ಮತ್ತೆ. ಮದುವೆ ಮನೆಯ ಬಾಗಿಲಲ್ಲಿ ನೀ ಮೊದಲು ನಾ ಮೊದಲು ಎಂದು ನಿಂತವರ ಹಾಗೆ. ಕಿವಿಯಲ್ಲಿ ಟಿಕ್ ಟಿಕ್ ಸದ್ದು ಹಾಕಿಕೊಟ್ಟರು. ಅದು ಗೋಡೆ ಗಡಿಯಾರ. ಅದಕ್ಕೆ ಯಾರು ಹೆದರುತ್ತಾರೆ?

ಕೊನೆಗೆ ಸೆಂಟು ಹೇಳಿದಂತೆಯೇ ಆಯಿತು. ನಿಲ್ಲದೆ ಹಾಡಿಸಿದರು. ಜಾಗಕ್ಕೆ ಡ್ರಮ್ ತುಂಬಿದರು. ಹಾಕಿ ಕೇಳಿಸಿದರು. ತಪ್ಪೇನೂ ಇಲ್ಲ. ಬಿಸ್ಕತ್ತಿನ ಜಾಹೀರಾತಿನಂತಿದೆ.

ಬುಗುರಿ ಮೆಲ್ಲಗೆ ಕೇಳಿದಳು, "ಇದ್ಯಾರೇ ಹಾಡ್ತಿರೋದು?"

ಸೆಂಟು ಚಪ್ಪಾಳೆ ತಟ್ಟಿದ. "ಕ್ಲೀನ್!" ಅವನಿಗೆ ಕ್ಲೀನ್ ಎಂದರೆ ಏನು ಗೊತ್ತು? ನಮ್ಮನ್ನು ಕೇಳಲಿ. ಜನ್ಮ ಕಳೆದಿದ್ದೇವೆ ಅದರಲ್ಲಿ.

ಮಾರ್ಚ್ 28, ಶುಕ್ರವಾರ. ಮಧ್ಯಾಹ್ನ, ಚಹಾದ ಹೊತ್ತು

ಸಿಕ್ಕಿತು! ಕೈಯಲ್ಲಿ ಸೋಪು, ಆದರೂ ಈಗಲೇ ಬರೆಯಬೇಕು.

ಇವತ್ತು ಅತ್ತೆಯ ಮುಂದೆ ಬೇಕೆಂದೇ ಗಮನಿಸಿದೆ. ಉಸ್ಸ್. ಬಾಯಿ ಮುಚ್ಚಿದೆ. ಮುಖ ಎಡಕ್ಕೆ. ಎಡಕ್ಕೆ ತಿರುಗಿದಾಗ ಕಣ್ಣು ಎಲ್ಲಿಗೆ ಹೋಗುತ್ತದೆ? ಕೆಳಗೆ. ಚಿಕ್ಕಮ್ಮನ ಕಾಲಿಗೆ! ಹಬೆ ಹೋಗುವವರೆಗೆ ಅವಳ ಪಾದ ಗಾಳಿಯಲ್ಲಿರುತ್ತದೆ. ಹೊಸ ಬೆಡ್‌ಶೀಟು ಹಾಸಿ ಪಾದ ಕೆಳಗಿಳಿಸಿದಳೋ, ನಮ್ಮ ಬಾಯಿ ತೆರೆಯಿತು. ಮೂವರದೂ ಒಟ್ಟಿಗೆ. ಒಂದೇ ಗೀರು ಹಾಕಿ ಕತ್ತರಿಸಿದ ಹಾಗೆ.

ಏಣಿಗೆ ತೋರಿಸಿದೆ. ಬುಗುರಿಗೆ ತೋರಿಸಿದೆ. ಮೂವರೂ ಬಾಗಿ ಚಿಕ್ಕಮ್ಮನ ಕಾಲನ್ನೇ ನೋಡುತ್ತಿದ್ದೆವು.

"ಏನ್ರೇ? ಚಪ್ಪಲಿ ಹೊಸದು ಅಂತ ಗೊತ್ತಾಯ್ತಾ?" ಎಂದಳು.

ಗೇಟಿನ ಹತ್ತಿರ ಹಾಡಿದಾಗಲೂ ಅದೇ ಕಾಲು. ಸ್ಟುಡಿಯೊದಲ್ಲಿ ಮೊದಲ ದಿನವೂ ಅದೇ ಕಾಲು. ನಿನ್ನೆ ಎಡಕ್ಕೆ ತಿರುಗಿದರೆ ಸಿಕ್ಕಿದ್ದು ಗೋಡೆ.

ಇಷ್ಟು ವರ್ಷ ಮಿಷನ್ನಿಗೆ ಹೆದರಿ ಸುಮ್ಮನಾಗುತ್ತಿದ್ದೇವೆ ಅಂದುಕೊಂಡಿದ್ದೆ. ಮಿಷನ್ನು ಉಸ್ಸೆನ್ನಬೇಕಾದರೂ ಒಬ್ಬ ಹೆಂಗಸು ಕಾಲು ಎತ್ತಬೇಕು. ಯಜಮಾನರೇ, ಸೆಂಟುಗಳೇ, ಕಿವಿಗೊಟ್ಟು ಕೇಳಿ— ನಿಮ್ಮ ಯಾವ ಮಿಷನ್ನೂ ತಾನಾಗಿ ಉಸಿರಾಡುವುದಿಲ್ಲ.

ನಿಜವಾದ ಅತ್ತೆ ಚಿಕ್ಕಮ್ಮನೇ! ಬುಗುರಿ ನಕ್ಕು ನಕ್ಕು ಟ್ರಾಲಿಗೆ ಬಿದ್ದಳು.

ಅವಳು ಫ್ರೇಮಿಗೆ ಹೊಂದುವುದಿಲ್ಲವಂತೆ. ಫ್ರೇಮೇ ಅವಳು.

ಸೋಮವಾರ ಹೋಗುತ್ತೇವೆ. ಮೂವರೂ.

ಮಾರ್ಚ್ 31, ಸೋಮವಾರ. ಸಂಜೆ

ಕಂಪನಿಯ ಆಫೀಸು. ಮೆತ್ತನೆಯ ಸೋಫಾ. ಕಾಯಿರಿ ಎಂದರು. ಕಾದೆವು. ಸುಮ್ಮನೆ ಕೂತು ಗೊತ್ತಿಲ್ಲವಲ್ಲ. ನೋಡನೋಡುತ್ತ ಏಣಿ ಸೋಫಾದ ಕವರು ತೆಗೆದು ಮಡಿಚಿದಳು. ಬುಗುರಿ ಮೇಜಿನ ಬಟ್ಟೆ. ಸೆಂಟು ಬರುವ ಹೊತ್ತಿಗೆ ಅವನ ಆಫೀಸೆಲ್ಲ ನಾಲ್ಕು ಮಡಿಕೆಯಾಗಿ ಮೂಲೆಯಲ್ಲಿ ಕೂತಿತ್ತು.

ಹೇಳಿದೆ. "ಸಾರ್, ನಾಲ್ಕು ಜನ. ಇಲ್ಲದಿದ್ರೆ ಯಾರೂ ಇಲ್ಲ."

"ಮತ್ತೆ ಶುರುವಾಯ್ತಾ? ಇದು ಫ್ಯಾಕ್ಟ್ರಿ ಅಲ್ಲಮ್ಮ, ಮುಷ್ಕರ ಮಾಡೋಕೆ. ಇದು ಆರ್ಟು."

"ಆರ್ಟು ಮಾಡೋರ ಕೈಯಿಂದ ಹಾಡಿಸಿ ಹಾಗಾದ್ರೆ. ನಾವು ಕೆಲಸದವರು."

"ನಿನ್ನ ವಯಸ್ಸಿನ ಹುಡುಗೀರು ಬಾಗಿಲ ಹೊರಗೆ ಸಾಲಾಗಿ ನಿಂತಿದಾರೆ, ಗೊತ್ತಾ?"

"ನಿಂತಿರ್ತಾರೆ ಸಾರ್. ಅವ್ರಿಗೂ ಚಿಕ್ಕಮ್ಮಂದಿರು ಇರ್ತಾರೆ."

 ನಾನು ಹೂಂ ಎಂದಿದ್ದನ್ನು ಅವನು ನೆನಪಿಸಿದ. ನೆನಪಿದೆ ಎಂದೆ. ಹೂಂ ಎಂದದ್ದು ಒಬ್ಬಳು. ಉಹುಂ ಎನ್ನಲು ಮೂವರು ಬಂದಿದ್ದೇವೆ.

"ಹಾಗಾದ್ರೆ ಮುಗೀತು," ಎಂದ. "ಹಾಡೂ ಇಲ್ಲ, ಟೀವಿನೂ ಇಲ್ಲ."

ಮೆಟ್ಟಿಲಿಳಿದೆವು. ಮೈಕು, ಜನ, ಎಲ್ಲ ಹೋಯಿತಲ್ಲ… ಬುಗುರಿ ಹಿಂದಿನಿಂದ, "ಸೀಟಿ, ಅವನ ಮೇಜಿನ ಬಟ್ಟೇಲಿ ಕಲೆ ಇತ್ತು ಕಣೇ. ಹೇಳಲೇ ಇಲ್ಲ ನಾನು" ಎಂದಳು. ಮೂವರೂ ರಸ್ತೆಯಲ್ಲಿ ನಿಂತು ನಕ್ಕೆವು. ಸ್ವಲ್ಪ ಅತ್ತೆವು ಕೂಡ.

ಏಪ್ರಿಲ್ 1, ಮಂಗಳವಾರ

ಚಿಕ್ಕಮ್ಮನ ಬೈಗುಳ. ಅಬ್ಬಾ!

"ಯಾರೇ ಕೇಳಿದ್ದು ನಿಮ್ಮನ್ನ? ನಾನು ಗಂಟಲಿಗೆ ಬಟ್ಟೆ ಸುತ್ಕೊಂಡು ಬೆವರಿ ಸತ್ತಿದ್ದು ಯಾಕೆ? ಇಡೀ ತಿಂಗಳ ಆಕ್ಟಿಂಗು ನೀರು ಪಾಲು ಮಾಡಿದ್ರಲ್ಲೇ!"

ನಾನೂ ಬಿಡಲಿಲ್ಲ. "ನೀನಿಲ್ದೆ ನಮಗೆ ಹಾಡೋಕೆ ಬರಲ್ಲ ಚಿಕ್ಕಮ್ಮ. ಕರುಣೆಯಿಂದ ಹೇಳ್ತಿಲ್ಲ. ನಿಜವಾಗ್ಲೂ ಬರಲ್ಲ. ಕಾಲಿನ ವಿಷ್ಯ ಹೇಳಿದ್ನಲ್ಲ!"

"ಅಂದ್ರೆ ನನ್ನ ದನಿಗಲ್ಲ, ಕಾಲಿಗೆ ಬೆಲೆ!"

ಎಲ್ಲಿ ಚುಚ್ಚಿದರೆ ಎಲ್ಲಿ ನೋಯುತ್ತದೆ ನೋಡು.  ಕೊನೆಗೆ ಟ್ರಾಲಿಯ ಮಾತು ಬಾಯಿಗೆ ಬಂತು. "ನಿನ್ನ ದನಿ ಕೇಳಿನೇ ನಾನು ಮೊದಲು ಸುಮ್ಮನಾಗಿದ್ದು. ಈಗ ಬೇರೆ ಯಾರು ಹೇಳಿದ್ರೂ ಸುಮ್ಮನಾಗಲ್ಲ ನಾನು."

ಅವಳು ಮುಖ ತಿರುಗಿಸಿದಳು. ಎಡಕ್ಕೆ.

ಅಮ್ಮ ಎದ್ದು ಮೊಳೆಯ ಮೇಲಿದ್ದ ಗೌನು ತೆಗೆದು ಅವಳ ತೊಡೆಯ ಮೇಲೆ ಹಾಕಿದಳು. "ಹಾಕ್ಕೊ. ಧೂಳು ಹಿಡೀತಿದೆ."

ಹಾಕಿಕೊಂಡಳು. ಸೊಂಟದಲ್ಲಿ ಸಿಕ್ಕಿಕೊಂಡಿತು. ಅವಳು ಕೊಟ್ಟ ಅಳತೆಯೂ ಮೂವತ್ತೊಂಬತ್ತರದ್ದೇ.

"ಬಟ್ಟೆ ಕುಗ್ಗಿದೆ ಅಕ್ಕಾ," ಎಂದಳು.

"ಹೌದು," ಎಂದಳು ಅಮ್ಮ ಸೂಜಿ ಕಚ್ಚಿಕೊಂಡು. "ಲಾಂಡ್ರಿಯವರಿಗೆ ಒಗೆಯೋಕೆ ಬರಲ್ಲ."

ಏಪ್ರಿಲ್ 19, ಶನಿವಾರ

ಕಿವಿಯಣ್ಣ ಲಾಂಡ್ರಿಗೇ ಬಂದ. ಹೆಡ್‌ಫೋನು ಕತ್ತಿನಲ್ಲಿ. ಅವನು ಊರ ಟೌನ್‌ಹಾಲಿನಲ್ಲೂ ಸೌಂಡ್ ನೋಡಿಕೊಳ್ಳುತ್ತಾನಂತೆ. ಮೇ ಮೂರಕ್ಕೆ ಅಲ್ಲಿ ದೊಡ್ಡ ಬ್ಯಾಂಡಿನ ಶೋ. ಅದಕ್ಕೆ ಮೊದಲು ಹಾಡಬೇಕಾದವರು ಕೈ ಕೊಟ್ಟಿದ್ದಾರೆ.

"ಬರ್ತೀರಾ?"

"ನಾಲ್ಕು ಜನ," ಎಂದೆ.

"ಇನ್ನೇನು ಮತ್ತೆ? ಬೆಸ ಸಂಖ್ಯೇಲಿ ಬೆಡ್‌ಶೀಟ್ ಮಡಿಚೋಕಾಗುತ್ತಾ?" ಎಂದ. ಇವನು ನಮ್ಮವನು.

ಹೆಸರು ಏನು ಹಾಕಿಸಲಿ ಎಂದು ಕೇಳಿದ. ಯಾರೂ ಯೋಚಿಸಲಿಲ್ಲ. ನಾಲ್ವರ ಬಾಯಲ್ಲೂ ಒಂದೇ— ನಾಲ್ಕು ಸೊಸೆಯರು.

ಆಮೇಲೆ ಅತ್ತೆಯನ್ನು ನೋಡಬೇಕೆಂದ. ಕರೆದುಕೊಂಡು ಹೋದೆವು. ಚಿಕ್ಕಮ್ಮ ಕಾಲು ಎತ್ತಿದಳು. ಹಬೆಗೆ ಅವನ ಕನ್ನಡಕ ಬೆಳ್ಳಗಾಯಿತು. "ನಮಸ್ಕಾರ ತಾಯಿ" ಎಂದ ಕುರುಡನಂತೆ, ಗೋಡೆಗೆ.

ಮೇ 4, ಭಾನುವಾರ

ನಿನ್ನೆಯದು ಬರೆಯುತ್ತೇನೆ. ಕೈ ಇನ್ನೂ ಕುಣಿಯುತ್ತಿದೆ.

ಟೌನ್‌ಹಾಲು ತುಂಬಿತ್ತು. ನಮಗಾಗಿ ಬಂದವರಲ್ಲ. ಮುಂದಿನ ಸಾಲಿನವರು ಫೋನು ನೋಡುತ್ತಿದ್ದರು. ನಾಲ್ಕು ಜನ ಬೆಡ್‌ಶೀಟು ತೊಟ್ಟು ಬಂದು ನಿಂತರೆ ಇನ್ನೇನು ಮಾಡುತ್ತಾರೆ? ಒಬ್ಬ ಕೂಗಿದ, "ಅಜ್ಜಿನೂ ಹಾಡುತ್ತಾ?"

ನನ್ನ ಮೈಯೆಲ್ಲ ಉರಿಯಿತು. ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಮ್ಮ ಮೈಕು ಎಳೆದುಕೊಂಡಳು. "ಹಾಡುತ್ತೆ ಮಗಾ. ನಿನ್ನ ಶರ್ಟಿನ ಕಾಲರಿನ ಕೊಳೆ ಇಲ್ಲಿಗೆ ಕಾಣ್ತಿದೆ. ಹಾಡು ಮುಗೀಲಿ, ತಂದುಕೊಡು."

ಹಾಲು ನಕ್ಕಿತು. ಫೋನುಗಳು ಕೆಳಗಿಳಿದವು.

ಶುರು. ನನ್ನ ಸೀಟಿ ಚಾವಣಿಗೆ ಹೋಗಿ ಬಂತು. ಕೆಳಗೆ ಚಿಕ್ಕಮ್ಮನ ದನಿ. ಸ್ಟೇಜಿನ ಹಲಗೆಯಿಂದ ಅಂಗಾಲಿಗೆ ಬಂತು, ಆ ಕಬ್ಬಿಣದಲ್ಲಿ ಬಂದ ಹಾಗೆ. ಕನಸು ನಿಮ್ಮದು, ಕಲೆ ನಮ್ಮದು— ನಿಂತೆವು. ಮುಖ ಎಡಕ್ಕೆ. ಗೌನುಗಳೂ ಒಟ್ಟಿಗೆ ಬೀಸಿದವು.

ಮೌನ. ಹಾಲು ತುಂಬ ಮೌನ. ಮರೆತುಹೋಯಿತೇನೋ ಪಾಪ, ಎಂದು ಯಾರೋ ಪಿಸುಗುಟ್ಟಿದ್ದು ಕೇಳಿತು. ಚಿಕ್ಕಮ್ಮನ ಪಾದ ಗಾಳಿಯಲ್ಲಿ. ಇಳಿಸಲೊಲ್ಲಳು. ಇಳಿಸೇ ತಾಯಿ… ಅವಳು ಯಾರಿಗೋ ಕಾಯುತ್ತಿದ್ದಾಳೆ.

ಹಿಂದಿನ ಸಾಲುಗಳಿಂದ ಬಂತು. ಲಾಂಡ್ರಿಯ ಹೆಂಗಸರು ಪೂರ್ತಿ ಬಂದಿದ್ದರು.

"ಉಸ್ಸ್…!"

ಪಾದ ಇಳಿಯಿತು. ನಾಲ್ವರೂ ಒಂದೇ ಬಾಯಿ.

ಎರಡನೆಯ ಸಲ ಅರ್ಧ ಹಾಲು ಉಸ್ಸೆಂದಿತು. ಮೂರನೆಯದಕ್ಕೆ ಕಾಲರಿನವನೂ. ಕೊನೆಯಲ್ಲಿ ಗೇಟ್ ಕಾಯುವವರು, ಪರದೆ ಎಳೆಯುವವನು, ಎಲ್ಲ. ಅಷ್ಟು ಜನ ಒಟ್ಟಿಗೆ ಉಸಿರು ಬಿಟ್ಟರೆ ಸ್ಟೇಜಿನ ಮೇಲೆ ಗಾಳಿ ಬರುತ್ತದೆ, ನಿಜವಾಗಿ. ಗಾಳಿಗೆ ಮುಷ್ಕರ ಮಾಡಿದವರಿಗೆ ಅದರ ಬೆಲೆ ಗೊತ್ತು.

ದೊಡ್ಡ ಬ್ಯಾಂಡಿನ ಹುಡುಗ ಆಮೇಲೆ ಕೇಳಿದ, "ಆ ಡ್ಯಾನ್ಸ್ ಸ್ಟೆಪ್ಪು ಯಾರು ಹೇಳಿಕೊಟ್ಟಿದ್ದು?"

"ಅತ್ತೆ," ಎಂದೆವು ನಾಲ್ವರೂ.

 ಅಮ್ಮ ಮನೆಗೆ ಬಂದು, ನಾಲ್ಕನೆಯ ಗೌನಿನ ಸೊಂಟದ ಹೊಲಿಗೆ ಮತ್ತೆ ಬಿಚ್ಚಿ ಸಡಿಲ ಮಾಡಿದಳು. "ಇನ್ನೂ ಹಾಡೋದಿದೆಯಲ್ಲ. ಉಸಿರು ಹಿಡಿಸ್ಬೇಕು."

ಮೇ 12, ಸೋಮವಾರ

ಸೆಂಟಿನ ಫೋನು. ಚಹಾದ ಹೊತ್ತಿನಲ್ಲಿ. ಸ್ಪೀಕರಿಗೆ ಹಾಕಿದೆ. ನಾಲ್ಕು ಜನವೂ ಇರಲಿ ಎಂದ. ಆಂಟಿ ಸೂಪರ್ ಎಂದ. "ಆ ಉಸ್ಸ್ ಇದೆಯಲ್ಲ, ಅದನ್ನ ನಾವು ಕಂಪನಿ ಹೆಸರಲ್ಲಿ ರಿಜಿಸ್ಟರ್ ಮಾಡಿಸೋಣ."

ಉಸಿರನ್ನೂ ರಿಜಿಸ್ಟರ್ ಮಾಡಿಸುತ್ತಾರಂತೆ. ನಾಳೆ ಆಕಳಿಕೆಗೂ ಬೀಗ ಹಾಕಿಯಾರು.

ಚಿಕ್ಕಮ್ಮ ಫೋನು ತೆಗೆದುಕೊಂಡಳು. ಗಂಟಲು ಸರಿಮಾಡಿಕೊಂಡಳು. "ಉಸ್ಸ್" ಎಂದು ಕಟ್ ಮಾಡಿದಳು.

ಕಿವಿಯಣ್ಣ ಹಾಡನ್ನು ಲಾಂಡ್ರಿಯಲ್ಲೇ ರೆಕಾರ್ಡು ಮಾಡುತ್ತಾನೆ. ಭಾನುವಾರ, ಎಲ್ಲ ಮಿಷನ್ನು ನಿಲ್ಲಿಸಿ. ಅತ್ತೆಯೊಬ್ಬಳನ್ನು ಬಿಟ್ಟು.

ಜೂನ್ 14, ಶನಿವಾರ. ಸಂಜೆ, ಮೈದಾನದ ಸ್ಟೇಜಿನ ಹಿಂದೆ

ಮಡಿಲ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಬುಗುರಿ ಸುತ್ತುತ್ತಿದ್ದಾಳೆ. ಏಣಿ ಯಾರದೋ ಟವೆಲ್ ಮಡಿಚುತ್ತಿದ್ದಾಳೆ. ಬೆಳಿಗ್ಗೆ ಎಂದಿನಂತೆ ಆಸ್ಪತ್ರೆಯ ಬೆಡ್‌ಶೀಟು ಮುಗಿಸಿಯೇ ಬಂದೆವು. ಹೊರಗೆ ಜನ, ಜನ, ಕಿವಿಯಣ್ಣನ ರೆಕಾರ್ಡು ಕೇಳಿ ನಮಗಾಗಿಯೇ ಬಂದವರು. ಬೋರ್ಡಿನಲ್ಲಿ ನಮ್ಮ ಹೆಸರು. ದೀಪ ಹಾಕಿದ್ದಾರೆ ಅದಕ್ಕೆ! ಚಿಕ್ಕಮ್ಮ ನಿಂತು ಓದಿ, "ಸೊಸೆಯರು ಅಂತ ಹಾಕಿದಾರೆ, ಜನ ನನಗೂ ಇಪ್ಪತ್ತೈದು ಅಂದ್ಕೋತಾರೆ" ಎಂದಳು.

ಟಿಕೆಟ್ ಕೊಂಡು ಬಂದ ಕಾಲರಿನವನು ಮುಂದಿನ ಸಾಲಿನಲ್ಲಿದ್ದಾನಂತೆ. ಬಿಳಿ ಶರ್ಟು. ಇಸ್ತ್ರಿ ಮಾಡಿದ್ದು.

ನಾವಿನ್ನೂ ಮೆಟ್ಟಿಲು ಹತ್ತಿಲ್ಲ, ಆಗಲೇ ಹೊರಗಿನಿಂದ ಉಸ್ಸ್… ಉಸ್ಸ್… ಎನ್ನುತ್ತಿದ್ದಾರೆ. ಟ್ರಾಲಿಯಲ್ಲಿ ಮಲಗಿ ಅಷ್ಟೆಲ್ಲ ಅತ್ತಿದ್ದು ಬಹುಶಃ ಇವರಿಗೆ ಕೇಳಲೆಂದೇ ಇರಬೇಕು. ಈಗ ಕೇಳಿಸಿತಲ್ಲ. ಇನ್ನು ಎಷ್ಟು ಬೇಕಾದರೂ—

ಕಿವಿಯಣ್ಣ ಕೈ ಎತ್ತಿದ.

"ಸಾಕು ಬರ್ದಿದ್ದು, ಬಾರೇ ಸೀಟಿ," ಎನ್ನುತ್ತಿದ್ದಾಳೆ ಚಿಕ್ಕಮ್ಮ. "ನನ್ನ ಕಾಲು ಆಗ್ಲೇ ಮೇಲಿದೆ, ನೋಡು, ಇನ್ನೇನು ಇಳಿ—"